ನೌಕಾಪಡೆಯ ಹಡಗಿನಲ್ಲಿ ದನದ ಡಾಕ್ಟರಿಗೆ ಏನು ಕೆಲಸ? ಹೊರಡುವ ಮುಂಚೆ ಏನೇನು ತಯಾರಿ?

ನೌಕಾಪಡೆಯ ಹಡಗು ಎಂದರೆ ನಮಗೆ ನೆನಪಾಗುವುದು ಫಿರಂಗಿ, ಕ್ಷಿಪಣಿ, ಬಿಳಿ ಯೂನಿಫಾರ್ಮ್. ಅಂಥ ಹಡಗಿನಲ್ಲಿ ದನದ ಡಾಕ್ಟರೂ ಹೋಗುತ್ತಾರೆ, ಜಂತಿನ ಔಷಧಿ, ಹಗ್ಗ, ಲಸಿಕೆ ಪೆಟ್ಟಿಗೆ ಸಮೇತ ಹೋಗುತ್ತಾರೆ ಎಂದರೆ ರಾಯಚೂರು ಕಡೆ ಬಹಳ ಜನ ನಂಬುವುದಿಲ್ಲ. ಸಮುದ್ರ ನಮ್ಮಿಂದ ಅಷ್ಟು ದೂರ. ಆದರೆ ಇದರ ಹಿಂದಿನ ಕಾರಣ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ. ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ಜಾಸ್ತಿ ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಯ ಜನ ಆಚೆಯೇ ಉಳಿಯುತ್ತಾರೆ. ಬೋಟ್ ತಂದು ನಿಲ್ಲಿಸಿ ಬನ್ನಿ ಎಂದರೂ ಕೆಲವರು ಹತ್ತುವುದಿಲ್ಲ. ಯಾಕೆ ಎಂದು ಕೇಳಿದರೆ ಒಂದೇ ಮಾತು: ದನ, ಕುರಿ ಬಿಟ್ಟು ಹೆಂಗ್ ಬರೋದ್ರಿ?

ಆ ಮಾತು ಹಟದಿಂದ ಬಂದದ್ದಲ್ಲ. ಆ ಮನೆಯ ಆಸ್ತಿ ಎಂದರೆ ಆ ಜೀವಗಳೇ. ಮಗಳ ಮದುವೆ, ಮಗನ ಕಾಲೇಜು ಫೀ, ಆಸ್ಪತ್ರೆ ಖರ್ಚು, ಎಲ್ಲವೂ ಆ ಹಟ್ಟಿಯಿಂದ ಬರಬೇಕು. ಜಗತ್ತಿನ ಬಡ ಕರಾವಳಿಗಳಲ್ಲೂ, ಸಣ್ಣ ಸಣ್ಣ ದ್ವೀಪಗಳಲ್ಲೂ ಇದೇ ಕಥೆ. ಮನುಷ್ಯರಿಗೆ ಚಿಕಿತ್ಸೆ ಕೊಟ್ಟು, ಅವರ ಮೇಕೆ, ಹಂದಿ, ಎಮ್ಮೆ, ಕೋಳಿಗಳನ್ನು ಹಾಗೇ ಬಿಟ್ಟು ಬಂದರೆ ಸಹಾಯ ಅರ್ಧ ಮಾಡಿದಂತೆ. ರೇಬಿಸ್ ಅನ್ನೇ ನೋಡಿ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿ ಕಡಿತದಿಂದಲೇ ಬರುತ್ತದೆ. ಆಸ್ಪತ್ರೆಯಲ್ಲಿ ಎಷ್ಟು ಇಂಜೆಕ್ಷನ್ ಇಟ್ಟರೂ ನಾಯಿಗಳಿಗೆ ಲಸಿಕೆ ಹಾಕದಿದ್ದರೆ ಆ ರೋಗ ಊರು ಬಿಟ್ಟು ಹೋಗುವುದಿಲ್ಲ.

2004ರ ಡಿಸೆಂಬರ್ 26ರ ಸುನಾಮಿ ಆದ ಮೇಲೆ ಇಂಥ ಕೆಲಸಕ್ಕೆ ಒಂದು ರೂಪ ಬಂತು. ಆಗ ನಮ್ಮ ನೌಕಾಪಡೆಯೂ ಶ್ರೀಲಂಕಾ, ಮಾಲ್ಡೀವ್ಸ್, ಇಂಡೊನೇಷ್ಯಾಕ್ಕೆ ಹಡಗು ಕಳಿಸಿತ್ತು. ಸಮೀಕ್ಷೆ ಮಾಡುವ ಐಎನ್‌ಎಸ್ ನಿರೂಪಕ್ ಹಡಗನ್ನೇ ಆಸ್ಪತ್ರೆಯಾಗಿ ಬದಲಿಸಿ ಇಂಡೊನೇಷ್ಯಾಕ್ಕೆ ಕಳಿಸಿದ್ದರು. ಅಮೆರಿಕದವರು 2006ರಲ್ಲಿ ಪೆಸಿಫಿಕ್ ಪಾರ್ಟ್‌ನರ್‌ಶಿಪ್ ಎಂಬ ಹೆಸರಿನಲ್ಲಿ ಇದನ್ನು ಮತ್ತೆ ಮತ್ತೆ ನಡೆಯುವ ಕಾರ್ಯಕ್ರಮ ಮಾಡಿದರು. ವಿಪತ್ತು ಆಗುವವರೆಗೆ ಕಾಯುವುದಲ್ಲ, ಮೊದಲೇ ಹೋಗಿ, ಅಲ್ಲಿನವರ ಜೊತೆ ಕೆಲಸ ಮಾಡಿ, ಪರಿಚಯ ಬೆಳೆಸಿಕೊಳ್ಳುವುದು. ಆ ವರ್ಷ ಮರ್ಸಿ ಎಂಬ ಆಸ್ಪತ್ರೆ ಹಡಗು ಫಿಲಿಪ್ಪೀನ್ಸ್, ಬಾಂಗ್ಲಾದೇಶ, ಇಂಡೊನೇಷ್ಯಾ, ಟಿಮೋರ್ ಲೆಸ್ಟೆಗೆ ಹೋಗಿತ್ತು. ಅದರ ಜೋಡಿ ಹಡಗು ಕಂಫರ್ಟ್. ಎರಡೂ ಮೊದಲು ಎಣ್ಣೆ ಸಾಗಿಸುವ ಟ್ಯಾಂಕರ್ ಆಗಿದ್ದವು, ಆಮೇಲೆ ಆಸ್ಪತ್ರೆ ಮಾಡಿದರು. ಒಂದೊಂದರಲ್ಲೂ 1,000 ಹಾಸಿಗೆ, 12 ಆಪರೇಷನ್ ಥಿಯೇಟರ್. ಉದ್ದ ಸುಮಾರು 272 ಮೀಟರ್. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ಕಡೆಗೆ ಕಂಟಿನ್ಯೂಯಿಂಗ್ ಪ್ರಾಮಿಸ್ ಎಂಬ ಇಂಥದ್ದೇ ಇನ್ನೊಂದು ಕಾರ್ಯಕ್ರಮ ಇದೆ.

ಈ ಹಡಗುಗಳಲ್ಲಿ ಪಶುವೈದ್ಯರ ಒಂದು ಸಣ್ಣ ತಂಡ ಇರುತ್ತದೆ. ವಿಚಿತ್ರ ಏನೆಂದರೆ ಅಮೆರಿಕದ ನೌಕಾಪಡೆಗೆ ಸ್ವಂತ ಪಶುವೈದ್ಯ ದಳ ಇಲ್ಲ. ಭೂಸೇನೆಯ ಪಶುವೈದ್ಯ ದಳ, 1916ರಲ್ಲಿ ಶುರುವಾದದ್ದು, ಅಲ್ಲಿಂದ ಇವರು ಬರುತ್ತಾರೆ. ಜೊತೆಗೆ ಸ್ವಯಂಸೇವಾ ಸಂಸ್ಥೆಗಳ ಪಶುವೈದ್ಯರು, ಬೇರೆ ಬೇರೆ ದೇಶಗಳವರು ಸೇರಿಕೊಳ್ಳುತ್ತಾರೆ. ನಮ್ಮಲ್ಲಿ ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳಲು ರಿಮೌಂಟ್ ವೆಟರ್ನರಿ ಕೋರ್ ಎಂಬ ದಳ ಇದೆ, ಇದರ ಬೇರು 1779ರವರೆಗೆ ಹೋಗುತ್ತದೆ, ಕೇಂದ್ರ ಮೀರತ್‌ನಲ್ಲಿ. ಬೀದರ್‌ನಲ್ಲೋ ಹೆಬ್ಬಾಳದಲ್ಲೋ ಪಶುವೈದ್ಯಕೀಯ ಓದುತ್ತಿರುವ ನಮ್ಮ ಭಾಗದ ಮಕ್ಕಳಿಗೆ ಇದು ಗೊತ್ತಿರಲಿ. ಬಿವಿಎಸ್ಸಿ ಮುಗಿಸಿದವರನ್ನು ಆ ಕೋರ್ ಅಧಿಕಾರಿಗಳಾಗಿ ತೆಗೆದುಕೊಳ್ಳುತ್ತದೆ.

ಸರಿ, ಈಗ ತಯಾರಿಯ ವಿಷಯ. ಒಂದು ಸಂಗತಿ ಮೊದಲೇ ಮನಸ್ಸಿಗೆ ಹಾಕಿಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥ ಆಗುತ್ತದೆ. ಹಡಗು ಒಂದು ಜಾಗದಲ್ಲಿ ಕೆಲವೇ ದಿನ ನಿಲ್ಲುತ್ತದೆ. ಆಮೇಲೆ ಹೊರಟು ಹೋಗುತ್ತದೆ. ನೀವು ಇಂಜೆಕ್ಷನ್ ಹಾಕಿದ ಎಮ್ಮೆಗೆ ಮರುದಿನ ಬಾವು ಬಂದರೆ ನೋಡುವುದು ಅಲ್ಲಿನ ಡಾಕ್ಟರ್, ನೀವಲ್ಲ. ಹಾಗಾಗಿ ನಾವು ಏನೇನು ಮಾಡಬಹುದು ಎಂಬ ಪಟ್ಟಿ ಆಮೇಲೆ. ನಾವು ಹೋದ ಮೇಲೆ ಅಲ್ಲಿ ಏನು ಉಳಿಯುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು. ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ತಯಾರಿ ಇಷ್ಟೇ.

ಮೊದಲು ಕೇಳಬೇಕು, ಆಮೇಲೆ ಪೆಟ್ಟಿಗೆ ಕಟ್ಟಬೇಕು

ಹಡಗು ಹೊರಡುವ ತಿಂಗಳುಗಳ ಮುಂಚೆಯೇ ಒಂದು ಸಣ್ಣ ತಂಡ ವಿಮಾನದಲ್ಲಿ ಆ ದೇಶಕ್ಕೆ ಹೋಗಿ ಬರುತ್ತದೆ. ಅಲ್ಲಿನ ಕೃಷಿ ಇಲಾಖೆ, ಪಶುಸಂಗೋಪನೆ ಅಧಿಕಾರಿ, ಸ್ಥಳೀಯ ಡಾಕ್ಟರ್, ಇವರನ್ನೆಲ್ಲ ಭೇಟಿಯಾಗುತ್ತದೆ. ಯಾವ ಹಳ್ಳಿ, ಯಾವ ಪ್ರಾಣಿ, ರಸ್ತೆ ಹೇಗಿದೆ, ನೀರು ಇದೆಯಾ, ನೆರಳು ಇದೆಯಾ, ಎಲ್ಲ ನೋಡಿಕೊಂಡು ಬರುತ್ತದೆ. ಬೇರೆ ದೇಶದ ನೆಲದಲ್ಲಿ ಪ್ರಾಣಿಗೆ ಸೂಜಿ ಚುಚ್ಚಬೇಕೆಂದರೆ ಆ ಸರ್ಕಾರದ ಒಪ್ಪಿಗೆ ಬೇಕೇ ಬೇಕು. ನಿಮ್ಮ ಡಿಗ್ರಿ, ನೋಂದಣಿ ಪತ್ರದ ಪ್ರತಿ ಮೊದಲೇ ಕಳಿಸಬೇಕು. ತರುವ ಔಷಧಿಗಳ ಪಟ್ಟಿಯನ್ನೂ ಹೆಸರು, ಬ್ಯಾಚ್, ಅವಧಿ ಮುಗಿಯುವ ದಿನಾಂಕದ ಸಮೇತ ಕೊಡಬೇಕು. ಅವಧಿ ಮುಗಿಯಲು ಬಂದ ಔಷಧಿಯನ್ನು ದಾನ ಅಂತ ತರುವುದು ಬಹಳ ಕೆಟ್ಟ ಅಭ್ಯಾಸ. ಕೆಟಮಿನ್‌ನಂಥ ಅರಿವಳಿಕೆಗಳ ಮೇಲೆ ಬಹಳ ದೇಶಗಳಲ್ಲಿ ಬಿಗಿ ಕಾನೂನು ಇದೆ. ಅದಕ್ಕೆ ಬೇರೆ ಅನುಮತಿ, ಬೇರೆ ಬೀಗದ ಪೆಟ್ಟಿಗೆ, ಮಿಲಿಲೀಟರ್ ಲೆಕ್ಕ ಬರೆಯುವ ಪುಸ್ತಕ ಬೇಕು.

ಇದರಲ್ಲಿ ನಮ್ಮ ಭಾಗದ ಡಾಕ್ಟರ್‌ಗಳು ಬಹಳ ಎಚ್ಚರ ವಹಿಸಬೇಕಾದ ವಿಷಯ ಲಸಿಕೆ. ನಮ್ಮಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕುವುದು ಉಸಿರಾಡಿದಷ್ಟು ಸಹಜ. ಊರಿಗೆ ಹೋದರೆ ದನಕ್ಕೆಲ್ಲ ಹಾಕಿ ಬರುತ್ತೇವೆ. ಆದರೆ ಫಿಲಿಪ್ಪೀನ್ಸ್ ಲಸಿಕೆ ಹಾಕದೆಯೇ ಕಾಲುಬಾಯಿ ಜ್ವರದಿಂದ ಮುಕ್ತವಾದ ದೇಶ. ಅಂಥ ಕಡೆ ಒಂದು ಹಸುವಿಗೆ ಲಸಿಕೆ ಹಾಕಿದರೂ ಅದರ ರಕ್ತದಲ್ಲಿ ಪ್ರತಿಕಾಯ, ಅಂದರೆ ರೋಗದ ವಿರುದ್ಧ ಮೈ ತಯಾರಿಸುವ ಅಂಶ ಬರುತ್ತದೆ. ನಾಳೆ ಸರ್ಕಾರ ರಕ್ತ ಪರೀಕ್ಷೆ ಮಾಡಿದಾಗ ಇದು ಲಸಿಕೆಯಿಂದ ಬಂದದ್ದೋ ರೋಗದಿಂದ ಬಂದದ್ದೋ ಎಂಬ ಗೊಂದಲ ಶುರುವಾಗುತ್ತದೆ, ಮುಕ್ತ ದೇಶ ಎಂಬ ಹೆಸರಿಗೇ ಕುತ್ತು ಬರುತ್ತದೆ, ಆ ಹೆಸರು ಹೋದರೆ ಮಾಂಸದ ವ್ಯಾಪಾರಕ್ಕೆ ಪೆಟ್ಟು, ಕೊನೆಗೆ ಅದರ ಬೆಲೆ ಕಟ್ಟುವವನು ಅಲ್ಲಿನ ರೈತ. ಒಳ್ಳೆಯದು ಮಾಡಲು ಹೋಗಿ ಆಗುವ ಹಾನಿ ಇದು. ಹಿರೇಬೇನೆ, ಅಂದರೆ ಪಿಪಿಆರ್ ಲಸಿಕೆಯೂ ಹಾಗೆಯೇ. ನಮ್ಮ ಕುರಿ ಮಂದೆಗಳಿಗೆ ಅದು ಜೀವ ಉಳಿಸುವ ಲಸಿಕೆ. ಆದರೆ ಅದು ಜೀವಂತ ವೈರಸ್ ಇರುವ ಲಸಿಕೆ. ಆ ರೋಗವೇ ಇಲ್ಲದ ದೇಶಕ್ಕೆ ಅದನ್ನು ತೆಗೆದುಕೊಂಡು ಹೋಗುವ ಹಾಗಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿ. ರಾಯಚೂರಿನಿಂದ ಹೊರಟ ಡಾಕ್ಟರ್ ತಾನೇ ಒಂದು ಅಪಾಯ. ಹಿಂದಿನ ವಾರ ಮಾನ್ವಿಯಲ್ಲೋ ಸಿಂಧನೂರಿನಲ್ಲೋ ಕಾಲುಬಾಯಿ ಬಂದ ಎಮ್ಮೆ ನೋಡಿ, ಅದೇ ಬೂಟು ಬ್ಯಾಗಿಗೆ ಹಾಕಿಕೊಂಡು ಹೋದರೆ? ಆ ವೈರಸ್ ಬೂಟಿನ ಮಣ್ಣಿನಲ್ಲಿ, ಬಟ್ಟೆಯಲ್ಲಿ, ಹಗ್ಗದಲ್ಲಿ ಕೂತು ಪ್ರಯಾಣ ಮಾಡುತ್ತದೆ. ಹಾಗಾಗಿ ಬೂಟು, ಹಗ್ಗ, ಮೂಗಿನ ಇಕ್ಕಳ ಎಲ್ಲವನ್ನೂ ಹೊಸದು ತೆಗೆದುಕೊಳ್ಳುವುದು ಒಳ್ಳೆಯದು. ಹಳೆಯದೇ ಒಯ್ಯಬೇಕೆಂದರೆ ಮೊದಲು ಬ್ರಷ್ ಹಾಕಿ ಮಣ್ಣು, ಸಗಣಿ ಪೂರ್ತಿ ತೆಗೆಯಬೇಕು, ಆಮೇಲೆ 4 ಪರ್ಸೆಂಟ್ ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಬೇಕು. ಕಾಲುಬಾಯಿ ವೈರಸ್ಸಿಗೆ ಹುಳಿಯೂ ಆಗುವುದಿಲ್ಲ, ಕ್ಷಾರವೂ ಆಗುವುದಿಲ್ಲ. ಅದಕ್ಕೇ ಇಷ್ಟು ಅಗ್ಗದ ವಸ್ತು ಕೆಲಸ ಮಾಡುತ್ತದೆ. ಆದರೆ ಮಣ್ಣು ಮೆತ್ತಿಕೊಂಡ ಬೂಟನ್ನು ಸುಮ್ನೆ ಅದ್ದಿ ತೆಗೆದರೆ ಏನೂ ಪ್ರಯೋಜನ ಇಲ್ಲ. ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಹೋಗುವಾಗಲೂ, ಸಂಜೆ ಹಡಗಿಗೆ ವಾಪಸ್ ಬರುವಾಗಲೂ ಇದೇ ಕೆಲಸ ಮಾಡಬೇಕು.

ನಿಮ್ಮ ಮೈಗೆ ಬೇಕಾದ ತಯಾರಿ

ಪಶುವೈದ್ಯರಲ್ಲಿ ಕೆಲವರು ತಮಗೇ ರೇಬಿಸ್ ಲಸಿಕೆ ಹಾಕಿಸಿಕೊಂಡಿರುವುದಿಲ್ಲ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ. ಕಡಿತಕ್ಕೆ ಮುಂಚೆಯೇ ಹಾಕಿಸಿಕೊಳ್ಳುವ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಎರಡು ದಿನಕ್ಕೆ ಇಳಿಸಿದೆ: ಮೊದಲ ದಿನ, ಆಮೇಲೆ 7ನೇ ದಿನ. ಹಡಗಿನ ಪ್ರಯಾಣಕ್ಕೆ ಇದು ಯಾಕೆ ಮುಖ್ಯ? ಲಸಿಕೆ ಆಗದವರಿಗೆ ನಾಯಿ ಕಚ್ಚಿ ರಕ್ತ ಬಂದರೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಕೊಡಬೇಕು. ಅದು ಊರಲ್ಲೇ ಸಿಗುವುದು ಕಷ್ಟ, ದ್ವೀಪದಲ್ಲಿ ಎಲ್ಲಿ ಹುಡುಕುವುದು? ಮೊದಲೇ ಲಸಿಕೆ ಆಗಿದ್ದರೆ ಅದು ಬೇಡ. ಗಾಯ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಒಂದು, 3ನೇ ದಿನ ಇನ್ನೊಂದು ಬೂಸ್ಟರ್ ತೆಗೆದುಕೊಂಡರೆ ಆಯಿತು.

ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗುವುದಿದ್ದರೆ ಹಳದಿ ಜ್ವರದ ಲಸಿಕೆ ಬೇಕು. ಅದನ್ನು ಹಾಕಿಸಿಕೊಂಡ 10 ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಕೊನೇ ಕ್ಷಣದಲ್ಲಿ ಓಡಾಡಿದರೆ ಆಗುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ನಮ್ಮ ಕಡೆಯವರು ಅದಕ್ಕಾಗಿ ದೂರದ ಊರಿಗೆ ಹೋಗುವ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2016ರಿಂದ ಆ ಪ್ರಮಾಣಪತ್ರ ಜೀವಮಾನಕ್ಕೆ ನಡೆಯುತ್ತದೆ. ಅದಿಲ್ಲದೆ ಅಂಥ ದೇಶದಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕ ಇಡಬಹುದು. ಟಿಟಿ, ಹೆಪಟೈಟಿಸ್, ಟೈಫಾಯ್ಡ್ ಇವೆಲ್ಲ ಮಾಮೂಲಿ. ಮಲೇರಿಯಾ ಇರುವ ಕಡೆ ಮಾತ್ರೆ ಬೇಕು, ಯಾವುದು ಎಂದು ಡಾಕ್ಟರ್ ಹೇಳುತ್ತಾರೆ. ಡಾಕ್ಸಿಸೈಕ್ಲಿನ್ ಕೊಟ್ಟರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಹಳ್ಳಿಯಲ್ಲಿ ಇಡೀ ದಿನ ಬಿಸಿಲಿನಲ್ಲಿ ನಿಲ್ಲುವವರು ತೋಳು ಮುಚ್ಚುವ ಅಂಗಿ, ಟೋಪಿ ಮರೆಯಬಾರದು.

ಹಡಗಿನ ಮೇಲಿನ ಬದುಕು

ಅಲ್ಲಿ ನೀವು ಅತಿಥಿ ಅಲ್ಲ. ಮೂರು ಅಂತಸ್ತಿನ ಮಂಚದಲ್ಲಿ ಒಂದು ನಿಮ್ಮದು, ಒಂದು ಸಣ್ಣ ಕಪಾಟು ನಿಮ್ಮದು, ಅಷ್ಟೇ. ಗಟ್ಟಿ ಸೂಟ್‌ಕೇಸ್ ಬೇಡ, ಮಡಚಿ ಇಡಬಹುದಾದ ಬಟ್ಟೆಯ ಬ್ಯಾಗ್ ಒಯ್ಯಿರಿ. ಸ್ನಾನಕ್ಕೆ ಮೈ ಒದ್ದೆ ಮಾಡಿಕೊಂಡು ನಲ್ಲಿ ನಿಲ್ಲಿಸಬೇಕು, ಸೋಪು ಹಚ್ಚಿ ಮತ್ತೆ ಬಿಟ್ಟು ತೊಳೆದುಕೊಳ್ಳಬೇಕು. ಬೇಸಿಗೆಯಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಹಾಜರಿ ಮತ್ತು ಡ್ರಿಲ್ ಬಹಳ ಮುಖ್ಯ. ಹಡಗು ಬಿಡಬೇಕಾದ ಸಂದರ್ಭ ಬಂದರೆ ನೀವು ಯಾವ ಜಾಗಕ್ಕೆ ಹೋಗಬೇಕು, ಕತ್ತಲಲ್ಲಿ ಯಾವ ಮೆಟ್ಟಿಲು ಹತ್ತಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಬೇಕು, ಎಲ್ಲ ಮೊದಲ ದಿನವೇ ಕೈ ಕಾಲಿಗೆ ರೂಢಿ ಆಗಬೇಕು. ಹಾಜರಿಯಲ್ಲಿ ಒಬ್ಬರು ಸಿಗದಿದ್ದರೆ ಸಮುದ್ರಕ್ಕೆ ಬಿದ್ದಿದ್ದಾರೆ ಎಂದೇ ತಿಳಿದು ಹುಡುಕಲು ಶುರು ಮಾಡುತ್ತಾರೆ. ನೀವು ನಿದ್ದೆ ಮಾಡುತ್ತಾ ಹಾಜರಿ ತಪ್ಪಿಸಿದರೆ ನೂರಾರು ಜನರ ಕೆಲಸ ನಿಲ್ಲುತ್ತದೆ.

ನಮ್ಮಂಥ ಬಯಲುಸೀಮೆಯವರಿಗೆ ಸಮುದ್ರದ ವಾಂತಿ ಸಹಜ. ನಾಚಿಕೆ ಪಡಬೇಕಿಲ್ಲ. ಮೆಕ್ಲಿಜಿನ್‌ನಂಥ ಮಾತ್ರೆಯನ್ನು ವಾಂತಿ ಶುರುವಾಗುವ ಮುಂಚೆ, ಅಂದರೆ ಒಂದು ಗಂಟೆ ಮೊದಲು ತೆಗೆದುಕೊಂಡರೆ ಕೆಲಸ ಮಾಡುತ್ತದೆ. ಶುರುವಾದ ಮೇಲೆ ನುಂಗಿದರೆ ಅದೂ ವಾಂತಿಯಲ್ಲೇ ಹೋಗುತ್ತದೆ. ನಿದ್ದೆ ತರಿಸುತ್ತದೆ, ಹಾಗಾಗಿ ಊರಲ್ಲೇ ಒಂದು ರಜೆ ದಿನ ತೆಗೆದುಕೊಂಡು ನಿಮ್ಮ ಮೈಗೆ ಹೇಗೆ ಆಗುತ್ತದೆ ನೋಡಿಕೊಳ್ಳಿ. ಹಡಗಿನ ಮಧ್ಯಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಅಲುಗಾಟ ಕಡಿಮೆ. ಮೇಲೆ ಬಂದಾಗ ದೂರದ ದಿಗಂತ ನೋಡಿ, ಮೊಬೈಲ್ ನೋಡಬೇಡಿ.

ಪೆಟ್ಟಿಗೆ ಕಟ್ಟುವ ಲೆಕ್ಕ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಜಾಸ್ತಿ ಶಿಬಿರಗಳು ಕೆಡುವುದು ಇಲ್ಲೇ.

ಮರ್ಸಿಯಂಥ ಹಡಗಿಗೆ ನೀರಿನ ಕೆಳಗೆ ಸುಮಾರು 10 ಮೀಟರ್ ಆಳ ಬೇಕು. ಸಣ್ಣ ಬಂದರುಗಳಲ್ಲಿ ಅಷ್ಟು ಆಳ ಇರುವುದಿಲ್ಲ. ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ದಡಕ್ಕೆ ಸಣ್ಣ ಬೋಟ್ ಅಥವಾ ಹೆಲಿಕಾಪ್ಟರ್. ಅಲೆ ಜಾಸ್ತಿ ಇದ್ದರೆ ಬೋಟ್ ಇಲ್ಲ, ಗಾಳಿ ಮಳೆ ಇದ್ದರೆ ಹೆಲಿಕಾಪ್ಟರ್ ಇಲ್ಲ. ಇದ್ದರೂ ಮೊದಲ ಆದ್ಯತೆ ಮನುಷ್ಯರ ಡಾಕ್ಟರ್‌ಗಳಿಗೆ. ಹೀಗಾಗಿ ನಿಮ್ಮ ಆರು ಪೆಟ್ಟಿಗೆಯಲ್ಲಿ ನಾಲ್ಕು ಮಾತ್ರ ದಡ ಸೇರುವ ದಿನ ಖಂಡಿತ ಬರುತ್ತದೆ. ಸಿರಿಂಜ್ ಎಲ್ಲ ಒಂದರಲ್ಲಿ, ಔಷಧಿ ಎಲ್ಲ ಇನ್ನೊಂದರಲ್ಲಿ ತುಂಬಿದ್ದರೆ ಆ ದಿನ ಮುಗಿದಂತೆ. ಅದರ ಬದಲು ಪ್ರತಿ ಪೆಟ್ಟಿಗೆಯೂ ತಾನೇ ಒಂದು ಸಣ್ಣ ಶಿಬಿರ ನಡೆಸುವ ಹಾಗಿರಬೇಕು: ಸ್ವಲ್ಪ ಸಿರಿಂಜ್, ಸೂಜಿ, ಜಂತಿನ ಔಷಧಿ, ಗಾಯದ ಸಾಮಾನು, ಗ್ಲೌಸ್, ಹಗ್ಗ, ಗುರುತಿನ ಬಣ್ಣ, ಬಳಸಿದ ಸೂಜಿ ಹಾಕುವ ಡಬ್ಬಿ. ಇಬ್ಬರು ಎತ್ತುವಷ್ಟೇ ತೂಕ ಇರಲಿ. ಹೆಲಿಕಾಪ್ಟರ್‌ನವರು ತೂಕ ಕೇಳೇ ಕೇಳುತ್ತಾರೆ, ಮೊದಲೇ ತೂಗಿ ಮೇಲೆ ಬರೆದಿರಿ.

ಸ್ಪಿರಿಟ್, ಫಾರ್ಮಲಿನ್, ಆಕ್ಸಿಜನ್ ಸಿಲಿಂಡರ್, ಲಿಥಿಯಂ ಬ್ಯಾಟರಿ ಇವನ್ನೆಲ್ಲ ಹಡಗಿನವರಿಗೆ ಹೇಳಿಯೇ ಒಳಗೆ ತರಬೇಕು. ಸಮುದ್ರದ ಮಧ್ಯೆ ಬೆಂಕಿ ಹತ್ತಿದರೆ ಓಡಿ ಹೋಗಲು ಜಾಗ ಇಲ್ಲ. ಕರೆಂಟ್ ವಿಷಯವೂ ನೋಡಿಕೊಳ್ಳಿ. ಅಮೆರಿಕದ ಹಡಗಿನ ಪ್ಲಗ್‌ನಲ್ಲಿ ಬರುವುದು ಸುಮಾರು 110 ವೋಲ್ಟ್. ನಮ್ಮ 230 ವೋಲ್ಟಿನ ಕೂದಲು ಕತ್ತರಿಸುವ ಮಷೀನ್, ಸ್ಟೆರಿಲೈಜರ್ ಅಲ್ಲಿ ಸರಿಯಾಗಿ ನಡೆಯುವುದಿಲ್ಲ.

ಲಸಿಕೆಗೆ 2ರಿಂದ 8 ಡಿಗ್ರಿ. ರಾಯಚೂರಿನ ಮೇ ತಿಂಗಳಿನಲ್ಲಿ ಕೆಲಸ ಮಾಡಿದವರಿಗೆ ಬಿಸಿಯ ಭಯ ಗೊತ್ತಿದೆ, ಐಸ್ ಪ್ಯಾಕ್ ತುಂಬಿ ತುಂಬಿ ಇಡುತ್ತಾರೆ. ಆದರೆ ಜಾಸ್ತಿ ತಂಪೂ ಅಷ್ಟೇ ಕೆಡುಕು. ರೇಬಿಸ್, ಗಂಟಲುಬೇನೆ, ಕಾಲುಬಾಯಿ ಇವು ಸತ್ತ ರೋಗಾಣುಗಳಿಂದ ಮಾಡಿದ ಲಸಿಕೆ, ಹೆಪ್ಪುಗಟ್ಟಿದರೆ ಅವುಗಳ ಶಕ್ತಿ ಹೋಗುತ್ತದೆ. ನೋಡಲು ಬಾಟಲಿ ಚೆನ್ನಾಗೇ ಇರುತ್ತದೆ, ಕೆಲಸ ಮಾಡುವುದಿಲ್ಲ. ಡೀಪ್ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ನೇರ ಇಡಬೇಡಿ. ಸ್ವಲ್ಪ ಹೊತ್ತು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆ ಇಡಿ. ಪುಡಿ ರೂಪದ ಜೀವಂತ ಲಸಿಕೆಗಳಿಗೆ ಬೆರೆಸುವ ದ್ರಾವಣವನ್ನೂ ತಂಪು ಮಾಡಿರಬೇಕು. ಬೆರೆಸಿದ ಮೇಲೆ ಗಡಿಯಾರ ನೋಡುತ್ತಾ ಇರಬೇಕು. ಪಿಪಿಆರ್ ಲಸಿಕೆಯಾದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಐವತ್ತು ಕುರಿ ಮುಂದೆ ನಿಂತ ಮೇಲೆಯೇ ಬಾಟಲಿ ಬೆರೆಸಿ. ಬರುತ್ತವೆ ಎಂಬ ನಂಬಿಕೆಯಲ್ಲಿ ಬೆರೆಸಬೇಡಿ.

ತೂಕದ ತಕ್ಕಡಿ ಯಾವ ಹಳ್ಳಿಯಲ್ಲೂ ಇರುವುದಿಲ್ಲ. ಒಂದು ಟೇಪ್ ಸಾಕು. ದನದ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಹಿಂಭಾಗದ ಎಲುಬಿನವರೆಗಿನ ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡ್‌ನಲ್ಲಿ ತೂಕ ಬರುತ್ತದೆ. ಸುತ್ತಳತೆ 60 ಇಂಚು, ಉದ್ದ 50 ಇಂಚು ಇದ್ದರೆ 600 ಪೌಂಡ್, ಅಂದರೆ ಸುಮಾರು 272 ಕಿಲೋ. ಜಂತಿಗೆ ಕೊಡುವ 1 ಪರ್ಸೆಂಟ್ ಐವರ್‌ಮೆಕ್ಟಿನ್ ಇಂಜೆಕ್ಷನ್ 50 ಕಿಲೋಗೆ 1 ಮಿಲಿ, ಹಾಗಾದರೆ ಈ ದನಕ್ಕೆ ಸುಮಾರು ಐದೂವರೆ ಮಿಲಿ. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಜಂತು ಸಾಯದೆ, ಔಷಧಿಗೆ ಬಗ್ಗದ ಜಂತು ಬೆಳೆಯುತ್ತದೆ. ಆ ಊರಿನವರಿಗೆ ಮುಂದೆ ಆ ಔಷಧಿಯೇ ಕೆಲಸ ಮಾಡುವುದಿಲ್ಲ. ಆ ಟೇಪನ್ನೂ ಲೆಕ್ಕವನ್ನೂ ಅಲ್ಲಿನ ಸಹಾಯಕರಿಗೆ ಕಲಿಸಿ ಬಿಟ್ಟು ಬರುವುದು ಹತ್ತು ಬಾಟಲಿ ಔಷಧಿಗಿಂತ ದೊಡ್ಡ ಕೆಲಸ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಳ್ಳಿಯಲ್ಲಿ ಇಳಿದ ಮೇಲೆ

ಕೊಪ್ಪಳದ ಕುರಿಗಾರರ ಜೊತೆ ಕೆಲಸ ಮಾಡಿದವರಿಗೆ ಗೊತ್ತು, ಹೊತ್ತು ಏರುವ ಮುಂಚೆ ಹೋಗದಿದ್ದರೆ ಹಟ್ಟಿ ಖಾಲಿ, ಮಂದೆ ಅಡವಿಗೆ ಹೋಗಿರುತ್ತದೆ. ಹಡಗಿನ ವೇಳೆ ಮತ್ತು ರೈತನ ವೇಳೆ ಎಂದೂ ಹೊಂದುವುದಿಲ್ಲ. ಬೆಳಗ್ಗೆ 7ಕ್ಕೆ ಬೋಟ್ ಬಿಟ್ಟರೆ ಹಳ್ಳಿ ಮುಟ್ಟುವಾಗ 9 ಆಗುತ್ತದೆ, ಕತ್ತಲಾಗುವ ಮುಂಚೆ ವಾಪಸ್ ಹಡಗಿನಲ್ಲಿರಬೇಕು. ಸಾಮಾನು ಬಿಚ್ಚಿ ಕಟ್ಟುವ ಹೊತ್ತು ಕಳೆದರೆ ಕೈಗೆ ಸಿಗುವುದು ಐದು ತಾಸು. ಒಂದು ದನವನ್ನು ಟ್ರೆವಿಸ್‌ಗೆ, ಅಂದರೆ ಅಲುಗಾಡದಂತೆ ನಿಲ್ಲಿಸುವ ಕಂಬದ ಚೌಕಟ್ಟಿಗೆ ಹಾಕಿ, ನೋಡಿ, ಔಷಧಿ ಕೊಟ್ಟು, ಬರೆದುಕೊಂಡು ಬಿಡಲು ಎರಡು ನಿಮಿಷ ಎಂದರೂ ಒಂದು ಟ್ರೆವಿಸ್‌ಗೆ ದಿನಕ್ಕೆ 150 ದನ. ಅದಕ್ಕಿಂತ ಜಾಸ್ತಿ ಮಾತು ಕೊಟ್ಟರೆ ಬಿಸಿಲಲ್ಲಿ ಎಮ್ಮೆ ಹಿಡಿದು ನಿಂತ ಮುದುಕಿ ಸಂಜೆ ಬರಿಗೈಯಲ್ಲಿ ಹೋಗಬೇಕಾಗುತ್ತದೆ. ಇದಕ್ಕಿಂತ ನೋವಿನ ವಿಷಯ ಇಲ್ಲ. ಹಿಂದಿನ ದಿನವೇ ಊರಿನ ಹಿರಿಯರ ಮೂಲಕ ಡಂಗುರ ಸಾರಿಸಿ, ಯಾವ ಓಣಿ ಯಾವಾಗ ಬರಬೇಕು ಎಂದು ಹೇಳಿಸಿ, ಆ ದಿನ ಮೇಯಲು ಬಿಡಬೇಡಿ ಎಂದು ಕೇಳಿಕೊಳ್ಳಬೇಕು.

ಟ್ರೆವಿಸ್ ಇಲ್ಲದ ಹಳ್ಳಿಯೇ ಜಾಸ್ತಿ. ಬಿದಿರು, ಗಟ್ಟಿ ಕಂಬ, ಹಗ್ಗ ಸಿಕ್ಕರೆ ಒಂದು ಗಂಟೆಯಲ್ಲಿ ಕಟ್ಟಬಹುದು. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಇರಲಿ. ಔಷಧಿ ಕೊಟ್ಟ ಪ್ರಾಣಿಗೆ ಬಣ್ಣದ ಗುರುತು ಹಾಕಿ, ಇಲ್ಲದಿದ್ದರೆ ಎರಡು ಸಲ ಬರುತ್ತದೆ. ಮನೆಯಲ್ಲಿ ಮೇಕೆ, ಕೋಳಿ ನೋಡಿಕೊಳ್ಳುವವರು ಹೆಂಗಸರು. ಗಂಡಸರ ಸಭೆಯಲ್ಲಿ ಮಾತ್ರ ಮಾತಾಡಿದರೆ ಅರ್ಧ ರೋಗದ ಸುದ್ದಿ ಸಿಗುವುದೇ ಇಲ್ಲ.

ಭಾಷೆಯ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. ರಾಯಚೂರಿನಲ್ಲಿ ಒಂದೇ ಬೆಳಗ್ಗೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಮಾತಾಡಿ ಅಭ್ಯಾಸ ಇರುವವರಿಗೆ, ಗೊತ್ತಿಲ್ಲದ ಭಾಷೆಯ ಜನರ ಎದುರು ಕೈಸನ್ನೆ ಮಾಡಲು ಹಿಂಜರಿಕೆ ಇರುವುದಿಲ್ಲ. ಆದರೂ ದುಭಾಷಿಯ ಜೊತೆ ಮೊದಲೇ ಕೂತು ಒಂದು ಮಾತನ್ನು ಖಚಿತ ಮಾಡಿಕೊಳ್ಳಲೇಬೇಕು: ಈ ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಕುಡಿಯಬಾರದು, ಎಷ್ಟು ದಿನ ಕಡಿಯಬಾರದು. ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಟ್ಟ ದನವನ್ನು ಮಾಂಸಕ್ಕೆ ಬಳಸಲು ಅಮೆರಿಕದಲ್ಲಿ 35 ದಿನ ಕಾಯಬೇಕು. ಮುಂದಿನ ವಾರ ಊರಿನಲ್ಲಿ ಹಬ್ಬ ಇದ್ದರೆ? ಹಬ್ಬ ಯಾವಾಗ ಎಂದು ಕೇಳದೆ ಔಷಧಿ ಕೊಡಬೇಡಿ. ಹಾಲು ಕೊಡುವ ಒಂದೇ ಹಸು ಇರುವ ಮನೆಗೆ ಹಾಲು ಚೆಲ್ಲಿ ಎನ್ನುವುದು ಸುಲಭ ಅಲ್ಲ, ಅಂಥ ಹಸುವಿಗೆ ಬೇರೆ ಔಷಧಿ ನೋಡಿ.

ಔಷಧಿ ಪ್ರಾಣಿಯಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ಕಹಿ ಉದಾಹರಣೆ ಇದೆ. ದನಗಳ ನೋವಿಗೆ ಕೊಟ್ಟ ಡೈಕ್ಲೊಫೆನಾಕ್, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಬಹುತೇಕ ಅಳಿಸಿ ಹಾಕಿತು. 2006ರಲ್ಲಿ ಪ್ರಾಣಿಗಳಿಗೆ ಅದನ್ನು ನಿಷೇಧಿಸಿದರು, ಅಷ್ಟರಲ್ಲಿ ಬಹಳ ತಡವಾಗಿತ್ತು.

ಆಪರೇಷನ್ ವಿಷಯದಲ್ಲಿ ಒಂದು ನಿಯಮ ಬಿಗಿಯಾಗಿ ಇಟ್ಟುಕೊಳ್ಳಿ. ಕೊನೆಯ ದಿನ ಹೊಟ್ಟೆ ಕೊಯ್ಯುವ ಯಾವ ಕೆಲಸವೂ ಬೇಡ. ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಮೊದಲ ದಿನಗಳಲ್ಲೇ ಮುಗಿಯಲಿ, ತಾನೇ ಕರಗುವ ಹೊಲಿಗೆ ಹಾಕಿ, ಸ್ಥಳೀಯ ಡಾಕ್ಟರ್ ಪಕ್ಕದಲ್ಲೇ ನಿಂತು ನೋಡಲಿ. ಹೋರಿ, ಹೋತಗಳ ಬೀಜ ಒಡೆಯಲು, ಚರ್ಮ ಕೊಯ್ಯದೆ ಒಳಗಿನ ನಾಳ ಜಜ್ಜುವ ಬರ್ಡಿಜೊ ಇಕ್ಕಳ ಒಳ್ಳೆಯದು, ರಕ್ತ ಬರುವುದಿಲ್ಲ, ಗಾಯಕ್ಕೆ ನೊಣ ಕೂರುವುದಿಲ್ಲ.

ಆ ಸ್ಥಳೀಯ ಡಾಕ್ಟರ್ ಬಗ್ಗೆ ಇನ್ನೊಂದು ಮಾತು. ಅವರು ವರ್ಷವಿಡೀ ಸ್ವಲ್ಪ ದುಡ್ಡು ತೆಗೆದುಕೊಂಡು ನೋಡುವ ಪ್ರಾಣಿಗಳನ್ನು ನೀವು ಬಂದು ಬಿಟ್ಟಿ ನೋಡಿ ಹೋದರೆ, ಮರುದಿನದಿಂದ ಜನ ಅವರಿಗೆ ದುಡ್ಡು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ನಿಮ್ಮ ಮೂರು ದಿನದ ಶಿಬಿರಕ್ಕೆ ಅವರ ಬದುಕು ಬಲಿ ಆಗಬಾರದು. ಅದಕ್ಕೇ ಶಿಬಿರ ಅವರ ಹೆಸರಿನಲ್ಲಿ ನಡೆಯಲಿ. ಅವರು ಮುಂದೆ, ನೀವು ಪಕ್ಕದಲ್ಲಿ. ಯಾವ ಪ್ರಾಣಿಗೆ ಏನು ಕೊಟ್ಟಿರಿ ಎಂಬ ದಾಖಲೆ ಅವರ ಕೈಗೆ, ಅವರ ಭಾಷೆಯಲ್ಲಿ ಸೇರಬೇಕು.

ಎಲ್ಲ ಬದಲಾಗುವ ದಿನಕ್ಕೂ ತಯಾರಿ

2008ರಲ್ಲಿ ಕಿಯರ್‌ಸಾರ್ಜ್ ಎಂಬ ಹಡಗು ಕಂಟಿನ್ಯೂಯಿಂಗ್ ಪ್ರಾಮಿಸ್ ಕೆಲಸದ ಮಧ್ಯದಲ್ಲಿತ್ತು. ಹೈಟಿಗೆ ಸಾಲು ಸಾಲು ಚಂಡಮಾರುತ ಬಡಿಯಿತು. ಹಡಗು ತನ್ನ ಕಾರ್ಯಕ್ರಮ ಬಿಟ್ಟು ಅಲ್ಲಿಗೆ ತಿರುಗಿತು, ಹೆಲಿಕಾಪ್ಟರ್‌ಗಳು ಆಹಾರ, ನೀರು ಸಾಗಿಸುವ ಕೆಲಸಕ್ಕೆ ಹೋದವು. ಇಂಥ ಹೊತ್ತಿನಲ್ಲಿ ದನದ ಡಾಕ್ಟರ್ ಮೂಟೆ ಹೊರಲೂ ಸಿದ್ಧ ಇರಬೇಕು. ಆದರೆ ಪ್ರಾಣಿಗಳ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಸತ್ತ ದನಗಳನ್ನು ಕುಡಿಯುವ ನೀರಿನಿಂದ ದೂರ ಹೂಳಿಸುವುದು, ಆಹಾರ ಮತ್ತು ನೀರು ಸುರಕ್ಷಿತವೇ ಎಂದು ನೋಡುವುದು, ಉಳಿದ ಪ್ರಾಣಿಗಳಿಗೆ ಮೇವು ಹೊಂದಿಸುವುದು, ಇವೆಲ್ಲ ನಿಮ್ಮ ಪಾಲಿಗೇ ಬರುತ್ತವೆ. 2009ರ ಅಕ್ಟೋಬರ್‌ನ ನೆರೆಯಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿಯ ಹೊಳೆದಂಡೆ ಊರುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಇಳಿದ ಮೇಲೆ ಮೊದಲ ಕೊರತೆ ಮೇವಿನದು.

ವಾಪಸ್ ಬಂದ ಮೇಲೂ ಸ್ವಲ್ಪ ಕೆಲಸ ಇದೆ. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುತ್ತಿದ್ದರೆ ಊರಿಗೆ ಬಂದ ಮೇಲೂ 4 ವಾರ ಮುಂದುವರಿಸಬೇಕು, ಆರಾಮಾಗಿದ್ದೀನಿ ಎಂದು ನಿಲ್ಲಿಸಬಾರದು. ಅಲ್ಲಿ ಹಾಕಿದ್ದ ಬೂಟು, ಬಟ್ಟೆ ತೊಳೆಯದೆ ಇಲ್ಲಿನ ಕೊಟ್ಟಿಗೆಗೆ ಕಾಲಿಡಬಾರದು. ಮುಂದಿನ ಕೆಲವು ತಿಂಗಳಲ್ಲಿ ಜ್ವರ ಬಂದರೆ, ನೀವು ಯಾವ ದೇಶದಲ್ಲಿದ್ದಿರಿ, ಯಾವ ಪ್ರಾಣಿ ಮುಟ್ಟಿದಿರಿ ಎಂಬುದನ್ನು ಡಾಕ್ಟರ್ ಕೇಳುವ ಮುಂಚೆ ನೀವೇ ಹೇಳಬೇಕು.